ಠಾಣೆಯ ಮೆಟ್ಟಿಲು ಮತ್ತು ಜನರ ನಂಬಿಕೆ: ಬೆಂಗಳೂರು ಹೊರವಲಯದ ಎರಡು ದಶಕ

2025ರ ಅಕ್ಟೋಬರ್ ಕೊನೆಯ ವಾರ. ಮಗಳನ್ನು ಕಳೆದುಕೊಂಡ ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಅನುಭವವನ್ನು ಸಾಮಾಜಿಕ ಜಾಲತಾಣದಲ್ಲಿ ಬರೆದುಕೊಂಡರು. ಆಂಬುಲೆನ್ಸ್‌ನಿಂದ ಮೊದಲ್ಗೊಂಡು ಠಾಣೆ, ಚಿತಾಗಾರ, ಮರಣ ಪ್ರಮಾಣಪತ್ರದ ಕಚೇರಿಯವರೆಗೆ ಪ್ರತಿ ಹಂತದಲ್ಲಿಯೂ ತಮ್ಮಿಂದ ಹಣ ಕೇಳಲಾಯಿತು ಎಂಬುದು ಅವರ ಆರೋಪವಾಗಿತ್ತು. ಬರಹ ಒಂದೆರಡು ದಿನಗಳಲ್ಲಿ ರಾಜ್ಯದಾದ್ಯಂತ ಹರಡಿತು. ವೈಟ್‌ಫೀಲ್ಡ್ ವಿಭಾಗದ ಪೊಲೀಸರು ಬೆಳ್ಳಂದೂರು ಠಾಣೆಯ ಒಬ್ಬ ಪಿಎಸ್ಐ ಹಾಗೂ ಒಬ್ಬ ಕಾನ್ಸ್‌ಟೆಬಲ್‌ನನ್ನು ತಕ್ಷಣ ಅಮಾನತುಗೊಳಿಸಿದರು. ಕ್ರಮವೇನೋ ಶೀಘ್ರವಾಗಿತ್ತು. ಆದರೆ ಬರೆಯಬಲ್ಲ, ಬರೆದದ್ದನ್ನು ಸಾವಿರಾರು ಮಂದಿಗೆ ತಲುಪಿಸಬಲ್ಲ ವ್ಯಕ್ತಿಯ ಪಾಡೇ ಹೀಗಾದರೆ, ಅದೇ ಠಾಣೆಯ ವ್ಯಾಪ್ತಿಯ ಶೆಡ್ಡುಗಳಲ್ಲಿ ಬದುಕುವ ಕಟ್ಟಡ ಕಾರ್ಮಿಕನ ಪಾಡೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಬೆಂಗಳೂರಿನ ಹೊರವಲಯದಲ್ಲಿ ಪೊಲೀಸರು ಮತ್ತು ನಾಗರಿಕರ ನಡುವಿನ ವಿಶ್ವಾಸ, ಅವಿಶ್ವಾಸಗಳ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಇಲ್ಲಿ ಒಂದೇ ರಸ್ತೆಯ ಎರಡು ಬದಿಗಳಲ್ಲಿ ಎರಡು ಬಗೆಯ ನಾಗರಿಕರಿದ್ದಾರೆ. ಒಬ್ಬರ ದೂರು ಕೇಳಿಸುತ್ತದೆ. ಇನ್ನೊಬ್ಬರದು ಅಷ್ಟು ಸುಲಭವಾಗಿ ಕೇಳಿಸುವುದಿಲ್ಲ.

ಮೂರು ಪ್ರದೇಶ, ಮೂರು ಬಗೆಯ ಬೆಳವಣಿಗೆ

ತುಮಕೂರು ರಸ್ತೆಯ ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ರೂಪುಗೊಂಡಿತು. ಲೇತ್ ಯಂತ್ರ, ಬಿಡಿಭಾಗ ತಯಾರಿಕೆ, ಸಿದ್ಧ ಉಡುಪುಗಳ ಸಾವಿರಾರು ಸಣ್ಣ ಮತ್ತು ಮಧ್ಯಮ ಘಟಕಗಳು ಅಲ್ಲಿ ನೆಲೆಯೂರಿದವು. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಕಿಯೋನಿಕ್ಸ್‌ನ ಅಂದಿನ ಮುಖ್ಯಸ್ಥ ಆರ್.ಕೆ. ಬಾಳಿಗ ಅವರ ಕನಸಿನ ಫಲ. 1978ರಲ್ಲಿ ಸುಮಾರು 332 ಎಕರೆಯಲ್ಲಿ ಆರಂಭವಾದ ಅದರ ಸುತ್ತ ಮುಂದೆ ಬೊಮ್ಮಸಂದ್ರ, ಜಿಗಣಿ ಕೈಗಾರಿಕಾ ಪ್ರದೇಶಗಳು ಹಬ್ಬಿದವು. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ವಸತಿಗೆಂದು ಹುಟ್ಟಿದ ವೈಟ್‌ಫೀಲ್ಡ್, 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರಗಳ ಸಹಯೋಗದ ಐಟಿಪಿಎಲ್ ಬಂದ ಮೇಲೆ ಸಂಪೂರ್ಣ ಬದಲಾಯಿತು.

ಕಂಪನಿಗಳು ಬಂದಷ್ಟು ವೇಗವಾಗಿ ಠಾಣೆಗಳು ಬರಲಿಲ್ಲ. ಹಳ್ಳಿಗಳಿಗೆಂದು ರೂಪಿಸಿದ ಗಸ್ತು ವ್ಯವಸ್ಥೆಯೇ ಬಹುಮಹಡಿ ವಸತಿ ಸಮುಚ್ಚಯ, ಪೇಯಿಂಗ್ ಗೆಸ್ಟ್ ಮನೆ, ರಾತ್ರಿ ಪಾಳಿಯ ಕ್ಯಾಬ್‌ಗಳನ್ನೂ ನೋಡಿಕೊಳ್ಳಬೇಕಾಯಿತು. ಇಂದು ವೈಟ್‌ಫೀಲ್ಡ್‌ಗೆ ಪ್ರತ್ಯೇಕ ಡಿಸಿಪಿ ವಿಭಾಗವಿದೆ. 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯೂ ಪ್ರತ್ಯೇಕ ವಿಭಾಗವಾಯಿತು. ಅಂದರೆ ನಗರವೇ ಆಗಿಹೋದ ಪ್ರದೇಶಕ್ಕೆ ನಗರದ ಮಟ್ಟದ ಪೊಲೀಸ್ ಆಡಳಿತ ದೊರೆಯಲು ನಾಲ್ಕೂವರೆ ದಶಕಗಳೇ ಹಿಡಿದವು.

ರಾತ್ರಿ ಪಾಳಿಯ ಭಯ: 2005

2005ರ ಡಿಸೆಂಬರ್ 13ರ ರಾತ್ರಿ ಕಾಲ್‌ಸೆಂಟರ್ ಉದ್ಯೋಗಿಯಾಗಿದ್ದ ಯುವತಿಯೊಬ್ಬರು ಕೆಲಸಕ್ಕೆಂದು ಕ್ಯಾಬ್ ಹತ್ತಿದವರು ಮರಳಿ ಬರಲಿಲ್ಲ. ಅತ್ಯಾಚಾರವೆಸಗಿ ಕೊಲೆ ಮಾಡಿದ ಕ್ಯಾಬ್ ಚಾಲಕನಿಗೆ 2010ರಲ್ಲಿ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಮಹಿಳಾ ಉದ್ಯೋಗಿಯ ರಕ್ಷಣೆಯಲ್ಲಿ ಕಂಪನಿಯ ಹೊಣೆ ಎಷ್ಟು ಎಂಬ ವಿಷಯವೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕಂಪನಿಯ ಅಂದಿನ ಮುಖ್ಯಸ್ಥರ ವಿರುದ್ಧದ ಮೊಕದ್ದಮೆಯನ್ನು ಆರಂಭದ ಹಂತದಲ್ಲೇ ರದ್ದುಪಡಿಸಲು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ.

ಆ ಪ್ರಕರಣದ ತರುವಾಯ ಕ್ಯಾಬ್‌ನಲ್ಲಿ ಕಾವಲುಗಾರ, ಚಾಲಕರ ಹಿನ್ನೆಲೆ ಪರಿಶೀಲನೆ, ಮಹಿಳೆಯನ್ನು ಕೊನೆಯವರಾಗಿ ಇಳಿಸಬಾರದೆಂಬ ನಿಯಮಗಳು ಐಟಿ ವಲಯದಲ್ಲಿ ರೂಢಿಗೆ ಬಂದವು. ಇವೆಲ್ಲ ಅಗತ್ಯವಾಗಿದ್ದ ಕ್ರಮಗಳೇ. ಆದರೆ ಇದರ ಇನ್ನೊಂದು ಪರಿಣಾಮವೂ ಗಮನಾರ್ಹ. ಕಂಪನಿಯ ಆವರಣದೊಳಗಿನ ಉದ್ಯೋಗಿಗೆ ಕಂಪನಿಯೇ ಅರ್ಧ ರಕ್ಷಕನಾಯಿತು. ಪೊಲೀಸರೊಡನೆ ಅವರ ನೇರ ಪರಿಚಯ ಪಾಸ್‌ಪೋರ್ಟ್ ಪರಿಶೀಲನೆಗೂ ಸಂಚಾರ ದಂಡಕ್ಕೂ ಸೀಮಿತವಾಯಿತು. ಅದೇ ಹೊತ್ತಿನಲ್ಲಿ ಪಾಳಿ ಮುಗಿಸಿ ಕತ್ತಲಲ್ಲಿ ನಡೆದು ಮನೆ ಸೇರುವ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆಗೆ ಕ್ಯಾಬೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ.

ವದಂತಿಯ ಮುಂದೆ ಸೋತ ಭರವಸೆ: 2012

2012ರ ಆಗಸ್ಟ್ ಮಧ್ಯದಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್ಎಂಎಸ್‌ಗಳ ಮೂಲಕ ಹಬ್ಬಿತು. ಸೆಕ್ಯುರಿಟಿ ಗಾರ್ಡ್, ಹೋಟೆಲ್ ಮಾಣಿ, ಬ್ಯೂಟಿ ಪಾರ್ಲರ್ ಕೆಲಸಗಾರರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಅಂದಿನ ಗೃಹ ಸಚಿವ ಆರ್. ಅಶೋಕ ಸ್ವತಃ ನಿಲ್ದಾಣಕ್ಕೆ ತೆರಳಿ ಹೋಗಬೇಡಿರೆಂದು ವಿನಂತಿಸಿದರು. ಕೇಂದ್ರ ಸರ್ಕಾರ ಹದಿನೈದು ದಿನಗಳ ಮಟ್ಟಿಗೆ ಸಗಟು ಎಸ್ಎಂಎಸ್‌ಗಳನ್ನು ನಿರ್ಬಂಧಿಸಿತು.

ಪೊಲೀಸರು ಗಸ್ತು ಹೆಚ್ಚಿಸಿದರು, ಸಹಾಯವಾಣಿ ತೆರೆದರು, ಮನೆಮನೆಗೆ ತೆರಳಿ ಧೈರ್ಯ ಹೇಳಿದರು. ಆದರೂ ಜನರು ಹೊರಟರು. ಅಪರಿಚಿತ ಸಂದೇಶವೊಂದನ್ನು ನಂಬಿದವರು ಸಮವಸ್ತ್ರ ಧರಿಸಿ ಎದುರಿಗೆ ನಿಂತವರನ್ನು ನಂಬಲಿಲ್ಲ. ಕಾರಣ ಸ್ಪಷ್ಟ. ಸಂದೇಶ ಬಂದದ್ದು ಪರಿಚಯದವರ ಫೋನಿನಿಂದ. ಪೊಲೀಸರು ಬಂದದ್ದು ಆ ವಾರ, ಬಹುಪಾಲು ಮಂದಿಗೆ ಮೊದಲ ಬಾರಿಗೆ. ವಿಶ್ವಾಸವನ್ನು ಸಂಕಟದ ದಿನ ಹೊಸದಾಗಿ ಹುಟ್ಟಿಸಲಾಗುವುದಿಲ್ಲ ಎಂಬುದನ್ನು ಆ ವಾರ ತೋರಿಸಿಕೊಟ್ಟಿತು.

ಆಕ್ರೋಶ ಮತ್ತು ಆತುರ: 2014

ಅವಿಶ್ವಾಸ ಪೊಲೀಸರನ್ನು ತಪ್ಪು ಹಾದಿಗೂ ತಳ್ಳಬಲ್ಲದು. 2014ರ ಜುಲೈನಲ್ಲಿ ಮಾರತ್‌ಹಳ್ಳಿ ಸಮೀಪದ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಹೊರಬಿದ್ದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಐಟಿ ವಲಯದ ಮಧ್ಯಮ ವರ್ಗ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಠಾಣೆಯತ್ತ ಮೆರವಣಿಗೆ ಹೊರಟದ್ದು ಅಪರೂಪದ ದೃಶ್ಯವಾಗಿತ್ತು. ಒತ್ತಡದ ನಡುವೆ ಶಾಲೆಯ ಸ್ಕೇಟಿಂಗ್ ತರಬೇತುದಾರನನ್ನು ಬಂಧಿಸಲಾಯಿತು. ಆತನೇ ಅಪರಾಧಿ ಎಂಬಂತೆ ಚಿತ್ರಗಳು ಎಲ್ಲೆಡೆ ಪ್ರಕಟವಾದವು. ಕೆಲವೇ ದಿನಗಳಲ್ಲಿ ತನಿಖೆ ಬೇರೆ ದಿಕ್ಕು ಹಿಡಿದು ಇಬ್ಬರು ಜಿಮ್ ತರಬೇತುದಾರರ ಬಂಧನವಾಯಿತು. ಮೊದಲು ಬಂಧಿತನಾದವನ ವಿರುದ್ಧ ಆರೋಪ ನಿಲ್ಲಲಿಲ್ಲ.

ನಗರ ಪೊಲೀಸ್ ಆಯುಕ್ತರಾಗಿದ್ದ ರಾಘವೇಂದ್ರ ಔರಾದಕರ್ ಅವರ ವರ್ಗಾವಣೆಯಾಗಿ ಎಂ.ಎನ್. ರೆಡ್ಡಿ ಆ ಸ್ಥಾನಕ್ಕೆ ಬಂದರು. ಜನಾಕ್ರೋಶಕ್ಕೆ ಅಧಿಕಾರಿಯೊಬ್ಬರ ವರ್ಗಾವಣೆ ಉತ್ತರವಾಯಿತು. ಆದರೆ ಆತುರದ ಬಂಧನದಿಂದ ಒಬ್ಬನ ಹೆಸರಿಗೆ ಅಂಟಿದ ಕಳಂಕವನ್ನು ತೊಳೆಯುವ ಹೊಣೆಯನ್ನು ಯಾರೂ ಹೊರಲಿಲ್ಲ. ಜನರ ಕೂಗಿಗೆ ಓಗೊಡುವುದಕ್ಕೂ ಜನರ ವಿಶ್ವಾಸ ಗಳಿಸುವುದಕ್ಕೂ ಇರುವ ಅಂತರವನ್ನು ಈ ಪ್ರಕರಣ ಎತ್ತಿ ತೋರಿಸಿತು.

ಹೊಸೂರು ರಸ್ತೆಯ ಎರಡು ದಿನಗಳು: 2016

ಹೊರವಲಯದಲ್ಲಿ ಪೊಲೀಸರು ಮತ್ತು ದುಡಿಯುವ ವರ್ಗ ಅತ್ಯಂತ ತೀವ್ರವಾಗಿ ಮುಖಾಮುಖಿಯಾದದ್ದು 2016ರ ಏಪ್ರಿಲ್ 18 ಮತ್ತು 19ರಂದು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂಬ ಕೇಂದ್ರ ಸರ್ಕಾರದ ಹೊಸ ನಿಯಮ ಗಾರ್ಮೆಂಟ್ಸ್ ಕಾರ್ಮಿಕರನ್ನು ಕೆರಳಿಸಿತ್ತು. ಈ ಕಾರ್ಮಿಕರಲ್ಲಿ ಹೆಚ್ಚಿನವರು ಮಹಿಳೆಯರು. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಹಣವೇ ಮಗಳ ಮದುವೆಗೆ, ಮಕ್ಕಳ ಶಾಲೆಯ ಶುಲ್ಕಕ್ಕೆ, ಊರಿನ ಸಾಲಕ್ಕೆ ಅವರಿಗಿದ್ದ ಏಕೈಕ ಉಳಿತಾಯ.

ಯಾವ ದೊಡ್ಡ ಸಂಘಟನೆಯ ಕರೆಯೂ ಇಲ್ಲದೆ ಬೊಮ್ಮನಹಳ್ಳಿಯಲ್ಲಿ ಕಾರ್ಮಿಕರು ರಸ್ತೆಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಮರುದಿನ ಪ್ರತಿಭಟನೆ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗಳಿಗೂ ಹಬ್ಬಿತು. ಲಾಠಿ ಪ್ರಹಾರ ನಡೆಯಿತು, ಅಶ್ರುವಾಯು ಸಿಡಿಸಲಾಯಿತು. ಬಸ್ಸುಗಳು ಬೆಂಕಿಗೆ ಆಹುತಿಯಾದವು. ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ಕಲ್ಲು ತೂರಾಟ ನಡೆದು, ಅಲ್ಲಿ ನಿಲ್ಲಿಸಿದ್ದ ವಾಹನಗಳಿಗೆ ಬೆಂಕಿ ಹಚ್ಚಲಾಯಿತು. ಪೊಲೀಸರೂ ಗಾಯಗೊಂಡರು, ಕಾರ್ಮಿಕರೂ ಗಾಯಗೊಂಡರು. 19ರಂದು ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ನಿಯಮವನ್ನು ಹಿಂಪಡೆದಿರುವುದಾಗಿ ಪ್ರಕಟಿಸಿದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಕಾರ್ಮಿಕರ ಸಿಟ್ಟು ಪೊಲೀಸರ ಮೇಲಿನದಾಗಿರಲಿಲ್ಲ. ನಿಯಮ ರೂಪಿಸಿದ ಕಚೇರಿ ದೂರದ ದೆಹಲಿಯಲ್ಲಿತ್ತು. ಅವರೆದುರು ಸರ್ಕಾರದ ಮುಖವಾಗಿ ನಿಂತದ್ದು ಲಾಠಿ ಹಿಡಿದ ಕಾನ್ಸ್‌ಟೆಬಲ್ ಮಾತ್ರ. ಎರಡನೆಯದು, ಬೊಮ್ಮನಹಳ್ಳಿ ನಗರ ಪೊಲೀಸ್ ವ್ಯಾಪ್ತಿಯಲ್ಲಿದ್ದರೆ ಹೆಬ್ಬಗೋಡಿ ಠಾಣೆ ಬೆಂಗಳೂರು ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿತ್ತು. ಒಂದೇ ಹೆದ್ದಾರಿಯ ಒಂದೇ ಪ್ರತಿಭಟನೆಯನ್ನು ಎರಡು ಆಡಳಿತಗಳು ಎದುರಿಸಿದವು. ಹಿಂಸಾಚಾರದಲ್ಲಿ ಭಾಗಿಯಾಗದವರನ್ನೂ ಬಂಧಿಸಲಾಗಿದೆ ಎಂದು ಕಾರ್ಮಿಕ ಸಂಘಟನೆಗಳು ಬಳಿಕ ಆರೋಪಿಸಿದವು. ಕಾರ್ಮಿಕರು ಕೇಳಿದ್ದು ದೊರೆಯಿತು. ಠಾಣೆಯ ಬಗೆಗಿನ ಭಯವೂ ಅವರ ಕೇರಿಗಳಲ್ಲಿ ಉಳಿಯಿತು.

ಲಾಠಿ ಹಿಡಿದವರ ಅಳಲು

ಸ್ವಾರಸ್ಯವೆಂದರೆ, ಗಾರ್ಮೆಂಟ್ಸ್ ಕಾರ್ಮಿಕರ ಪ್ರತಿಭಟನೆ ನಡೆದ ಎರಡೇ ತಿಂಗಳೊಳಗೆ ಪೊಲೀಸ್ ಸಿಬ್ಬಂದಿಯೇ ಪ್ರತಿಭಟನೆಯ ಮಾತನಾಡಿದರು. ವೇತನ ತಾರತಮ್ಯ, ವಾರದ ರಜೆಯ ಕೊರತೆ, ಬಿಡುವಿಲ್ಲದ ದುಡಿಮೆ, ಮೇಲಧಿಕಾರಿಗಳ ದಬ್ಬಾಳಿಕೆಯನ್ನು ಖಂಡಿಸಿ 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ನೀಡಲಾಗಿತ್ತು. ಸರ್ಕಾರ ಎಸ್ಮಾ ಜಾರಿಗೊಳಿಸಿತು. ಮುಂದಾಳತ್ವ ವಹಿಸಿದ್ದವರ ಬಂಧನವಾಯಿತು. ರಜೆ ಕಾರ್ಯರೂಪಕ್ಕೆ ಬರಲಿಲ್ಲ. ಬಳಿಕ ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿದ ಸಮಿತಿಯ ನೇತೃತ್ವ ವಹಿಸಿದವರು, 2014ರಲ್ಲಿ ಆಯುಕ್ತರ ಹುದ್ದೆಯಿಂದ ವರ್ಗಾವಣೆಗೊಂಡಿದ್ದ ಔರಾದಕರ್ ಅವರೇ. ಅವರ ವರದಿ 2019ರಲ್ಲಿ ಭಾಗಶಃ ಜಾರಿಗೆ ಬಂತು.

ಪೊಲೀಸರ ನಡವಳಿಕೆಯನ್ನು ತೂಗುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ. ಸಚಿವರ ಬಂದೋಬಸ್ತ್, ಹಬ್ಬ, ಮೆರವಣಿಗೆ, ನ್ಯಾಯಾಲಯದ ಹಾಜರಾತಿ, ರಾತ್ರಿ ಗಸ್ತುಗಳ ನಡುವೆ ಹೈರಾಣಾದ ಮುಖ್ಯಪೇದೆಗೆ ದೂರುದಾರನ ಮಾತನ್ನು ಸಮಾಧಾನದಿಂದ ಕೇಳುವ ಶಕ್ತಿ ಉಳಿದಿರುವುದಿಲ್ಲ. ತನ್ನ ಅಹವಾಲನ್ನು ಹೇಳಿಕೊಳ್ಳಲು ದಾರಿಯಿಲ್ಲದವನು ಇತರರ ಅಹವಾಲನ್ನು ಆಲಿಸಬೇಕೆಂಬುದು ಇಲಾಖೆಯ ಒಳಗಿನ ವಿಪರ್ಯಾಸ. ಹಾಗೆಂದು ಇದು ಲಂಚಕ್ಕಾಗಲಿ ಹಿಂಸೆಗಾಗಲಿ ಸಮರ್ಥನೆಯಾಗಲಾರದು.

ಗುರುತಿನ ಚೀಟಿ ಮತ್ತು ಸಂದೇಹ: 2020, 2021

2020ರ ಜನವರಿಯಲ್ಲಿ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ನೂರಾರು ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರು ಅಕ್ರಮ ಬಾಂಗ್ಲಾದೇಶೀಯರು ಎಂಬುದು ಮುಂದಿಟ್ಟ ಕಾರಣ. ಆದರೆ ನಿವಾಸಿಗಳಲ್ಲಿ ಉತ್ತರ ಕರ್ನಾಟಕದವರೂ, ಅಸ್ಸಾಂ, ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳವರೂ ಇದ್ದರು. ಮತದಾರರ ಚೀಟಿ, ಆಧಾರ್ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ನಿಂತವರ ಮುಂದೆಯೇ ಮನೆಗಳು ಉರುಳಿದವು. ವಿಷಯ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠ ತೆರವಿಗೆ ತಡೆ ನೀಡಿತು. ಕಾನೂನಿನ ಕ್ರಮ ಪಾಲಿಸದೆ ನಡೆದ ಈ ಕಾರ್ಯಾಚರಣೆಯಲ್ಲಿ ಪೊಲೀಸರ ಪಾತ್ರವೂ ನ್ಯಾಯಾಲಯದ ಪ್ರಶ್ನೆಗೆ ಗುರಿಯಾಯಿತು.

2021ರಲ್ಲಿ ವರ್ತೂರು ಠಾಣೆಯ ಮೇಲೆ ಇನ್ನೂ ಗಂಭೀರವಾದ ಆರೋಪ ಬಂತು. ಕಳವಿನ ಶಂಕೆಯ ಮೇಲೆ ಹಿಡಿದ ಯುವಕನೊಬ್ಬನಿಗೆ ಠಾಣೆಯಲ್ಲಿ ಥಳಿಸಿದ್ದರಿಂದ ಅವನ ಒಂದು ಕೈಯನ್ನೇ ಕತ್ತರಿಸಬೇಕಾಯಿತು ಎಂದು ಕುಟುಂಬದವರು ದೂರಿದರು. ಮೂವರು ಸಿಬ್ಬಂದಿ ಅಮಾನತುಗೊಂಡರು. ಬಡಾವಣೆಯ ಕಸ ಆಯುವವ, ಮನೆಗೆಲಸದಾಕೆ, ಕಟ್ಟಡ ಕಾರ್ಮಿಕ ಇವರೆಲ್ಲ ಕಳವಿನ ದೂರು ಬಂದಾಗ ಮೊದಲು ಸಂದೇಹಕ್ಕೆ ಗುರಿಯಾಗುವವರು. ತಮ್ಮದೇ ಕೂಲಿ ವಂಚನೆಯ ದೂರು ನೀಡಲು ಹೋದಾಗ ಕೊನೆಯವರಾಗಿ ಕಾಯುವವರು. ಭಾಷೆ ಬಾರದವರಿಗೆ ಈ ಕಾಯುವಿಕೆ ಇನ್ನಷ್ಟು ದೀರ್ಘ.

ಮೊಬೈಲಿನಲ್ಲಿ ಬಂದ ದಂಡ: 2022, 2023

ಹಾಗೆಂದು ಐಟಿ ಉದ್ಯೋಗಿಗಳೇನೂ ಸುರಕ್ಷಿತರಾಗಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬಳಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯನ್ನು ಸಂಪಿಗೆಹಳ್ಳಿ ಠಾಣೆಯ ಗಸ್ತು ಸಿಬ್ಬಂದಿ ತಡೆದರು. ರಾತ್ರಿ ಹನ್ನೊಂದರ ನಂತರ ರಸ್ತೆಯಲ್ಲಿ ನಡೆಯುವಂತಿಲ್ಲ ಎಂದು ಬೆದರಿಸಿ, ಕ್ಯೂಆರ್ ಕೋಡ್ ತೋರಿಸಿ 1,000 ರೂಪಾಯಿ ಪಡೆದರು. ಅಂಥ ಕಾನೂನು ಇರಲೇ ಇಲ್ಲ. ದಂಪತಿ ಟ್ವಿಟರ್‌ನಲ್ಲಿ ಬರೆದ ಬಳಿಕ ಇಬ್ಬರು ಸಿಬ್ಬಂದಿಯ ಅಮಾನತಾಯಿತು.

2023ರ ಆಗಸ್ಟ್‌ನಲ್ಲಿ ವೈಟ್‌ಫೀಲ್ಡ್ ಸೆನ್ ಠಾಣೆಯ ಇನ್‌ಸ್ಪೆಕ್ಟರ್ ಸೇರಿದಂತೆ ನಾಲ್ವರನ್ನು ಕೇರಳದ ಕಳಮಶ್ಶೇರಿ ಪೊಲೀಸರೇ ವಶಕ್ಕೆ ಪಡೆದರು. ಆನ್‌ಲೈನ್ ವಂಚನೆ ಪ್ರಕರಣದ ಆರೋಪಿಗಳಿಂದ ಸುಮಾರು 3.95 ಲಕ್ಷ ರೂಪಾಯಿ ಸುಲಿಗೆ ಮಾಡಿದರೆಂಬುದು ಅವರ ಮೇಲಿನ ಆರೋಪ. ದೇಶದಲ್ಲೇ ಮೊದಲ ಸೈಬರ್ ಅಪರಾಧ ಠಾಣೆಯನ್ನು 2001ರಲ್ಲಿ ತೆರೆದ ಹಿರಿಮೆಯ ಬೆಂಗಳೂರಿಗೆ ಇದು ಮುಜುಗರದ ಸಂಗತಿಯಾಯಿತು. ಆನ್‌ಲೈನ್ ವಂಚನೆಗೆ ಹಣ ಕಳೆದುಕೊಂಡ ಟೆಕ್ಕಿ ಮೊದಲು ಓಡುವುದು ಇಂಥ ಠಾಣೆಗೇ ಎಂಬುದನ್ನು ನೆನೆದರೆ ಪೆಟ್ಟಿನ ಆಳ ತಿಳಿಯುತ್ತದೆ.

ಕಟ್ಟುವ ಪ್ರಯತ್ನಗಳು

ಇನ್ನೊಂದು ಬದಿಯನ್ನೂ ಹೇಳಬೇಕು. 2013ರಲ್ಲಿ ಜನಾಗ್ರಹ ಸಂಸ್ಥೆಯೊಡನೆ ನಗರ ಪೊಲೀಸರು ಆರಂಭಿಸಿದ ಸಮುದಾಯ ಪೊಲೀಸ್ ಯೋಜನೆಯಲ್ಲಿ ನಾಗರಿಕ ಸ್ವಯಂಸೇವಕರು 'ಏರಿಯಾ ಸುರಕ್ಷಾ ಮಿತ್ರ'ರಾಗಿ ಠಾಣೆಗೂ ಬಡಾವಣೆಗೂ ಕೊಂಡಿಯಾದರು. ಅದೇ ವರ್ಷ ಹುಟ್ಟಿದ ವೈಟ್‌ಫೀಲ್ಡ್ ರೈಸಿಂಗ್ ಎಂಬ ನಾಗರಿಕ ವೇದಿಕೆಯ ಸದಸ್ಯರು ಸಂಚಾರ ಪೊಲೀಸರ ಜೊತೆ ರಸ್ತೆಗಿಳಿದು ವಾಹನ ನಿಯಂತ್ರಿಸಿದ್ದೂ ಉಂಟು. 2017ರಲ್ಲಿ ರಾಜ್ಯದಾದ್ಯಂತ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಪ್ರತಿ ಸಿಬ್ಬಂದಿಗೂ ನಿಗದಿತ ಪ್ರದೇಶ ವಹಿಸಿ, ಅಲ್ಲಿನ ನಿವಾಸಿಗಳ ಪರಿಚಯ ಇರಿಸಿಕೊಳ್ಳುವುದು ಅದರ ಉದ್ದೇಶ. ಅದೇ ವರ್ಷ ಮಹಿಳೆಯರಿಗಾಗಿ ಪಿಂಕ್ ಹೊಯ್ಸಳ ವಾಹನಗಳು, ಸುರಕ್ಷಾ ಆ್ಯಪ್ ಬಂದವು.

ಎಲೆಕ್ಟ್ರಾನಿಕ್ ಸಿಟಿಯನ್ನೂ ಒಳಗೊಂಡಿದ್ದ ಆಗ್ನೇಯ ವಿಭಾಗದಲ್ಲಿ ಆರಂಭವಾದ 'ಲೋಕಸ್ಪಂದನ' ಮುಂದೆ ನಗರಕ್ಕೆಲ್ಲ ವಿಸ್ತರಿಸಿತು. ಠಾಣೆಗೆ ಬಂದವರು ಕ್ಯೂಆರ್ ಕೋಡ್ ಮೂಲಕ ಸಿಬ್ಬಂದಿಯ ವರ್ತನೆಗೆ ಅಂಕ ನೀಡುವ ವ್ಯವಸ್ಥೆಯಿದು. ಮಾಸಿಕ ಜನಸಂಪರ್ಕ ದಿವಸದಂದು ಅಧಿಕಾರಿಗಳು ನೇರವಾಗಿ ಅಹವಾಲು ಕೇಳುತ್ತಾರೆ. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಯೋಜನೆಗೆ ಚಾಲನೆ ದೊರೆಯಿತು. ನ್ಯಾಯದಾನ ವ್ಯವಸ್ಥೆಯನ್ನು ಅಳೆಯುವ ಇಂಡಿಯಾ ಜಸ್ಟೀಸ್ ರಿಪೋರ್ಟ್‌ನ 2022 ಮತ್ತು 2025ರ ಆವೃತ್ತಿಗಳಲ್ಲಿ ಕರ್ನಾಟಕ ದೊಡ್ಡ ರಾಜ್ಯಗಳ ಪೈಕಿ ಮೊದಲ ಸ್ಥಾನದಲ್ಲಿದೆ.

ಈ ಯೋಜನೆಗಳ ಮಿತಿಯೂ ಸ್ಪಷ್ಟವೇ. ಆ್ಯಪ್, ಕ್ಯೂಆರ್ ಕೋಡ್, ನಿವಾಸಿಗಳ ಸಂಘದ ಸಭೆ ಇವು ಈಗಾಗಲೇ ದನಿಯುಳ್ಳವರಿಗೆ ಹೆಚ್ಚು ಒದಗುತ್ತವೆ. ಪೀಣ್ಯದ ಹತ್ತಡಿ ಕೋಣೆಯಲ್ಲಿ ನಾಲ್ವರೊಡನೆ ಬದುಕುವ ಕಾರ್ಮಿಕನಿಗೆ ನಿವಾಸಿಗಳ ಸಂಘವಿಲ್ಲ. ಆತನ ಮನೆಯ ಬಾಗಿಲಿಗೂ ಬೀಟ್ ಸಿಬ್ಬಂದಿ ಹೋಗಿ ಹೆಸರು ಕೇಳಿ ಪರಿಚಯಿಸಿಕೊಂಡ ದಿನವೇ ಯೋಜನೆ ಸಾರ್ಥಕ.

ನಾಗರಿಕನಿಗಿರುವ ಹಕ್ಕುಗಳು

ಠಾಣೆಗೆ ಹೋಗುವವರು ತಿಳಿದಿರಬೇಕಾದ ಕೆಲವು ಅಂಶಗಳು ಇಲ್ಲಿವೆ.

ದೂರು ದಾಖಲಾತಿ: ಗಂಭೀರ ಅಪರಾಧದ ಮಾಹಿತಿ ಬಂದಾಗ ಎಫ್ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಸ್ಪಷ್ಟಪಡಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. 'ಇದು ನಮ್ಮ ಲಿಮಿಟ್ಸ್ ಅಲ್ಲ' ಎಂಬ ಉತ್ತರಕ್ಕೆ ಕಾನೂನಿನ ಆಧಾರವಿಲ್ಲ. ವಿದ್ಯುನ್ಮಾನ ಮಾಧ್ಯಮದ ಮೂಲಕ ದೂರು ನೀಡಿ ಮೂರು ದಿನಗಳೊಳಗೆ ಸಹಿ ಹಾಕಬಹುದು. ಎಫ್ಐಆರ್ ಪ್ರತಿ ಉಚಿತ. ಠಾಣೆ ನಿರಾಕರಿಸಿದರೆ ಮೇಲಧಿಕಾರಿಗೆ, ಆ ಬಳಿಕ ಮ್ಯಾಜಿಸ್ಟ್ರೇಟರಿಗೆ ಮೊರೆಯಿಡಬಹುದು. ಎನ್‌ಸಿಆರ್ ಮಾಡಿ ಕಳುಹಿಸಿದರೂ ಹಿಂಬರಹ ಕೇಳಿ ಪಡೆಯುವುದು ಒಳಿತು.

ಬಂಧನ: ಬಂಧಿಸುವ ಅಧಿಕಾರಿಯ ಹೆಸರಿನ ಫಲಕ ಕಾಣುವಂತಿರಬೇಕು. ಬಂಧನದ ಮೆಮೊ ಸಿದ್ಧಪಡಿಸಿ ಸಾಕ್ಷಿಯ ಸಹಿ ಪಡೆಯಬೇಕು, ಕುಟುಂಬಕ್ಕೆ ತಿಳಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಹೊರತು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸುವಂತಿಲ್ಲ.

ಸಿಸಿಟಿವಿ: ಪ್ರತಿ ಠಾಣೆಯಲ್ಲಿ ಧ್ವನಿಸಹಿತ ಕ್ಯಾಮೆರಾಗಳಿರಬೇಕೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಠಾಣೆಯಲ್ಲಿ ದೌರ್ಜನ್ಯ ನಡೆದಿದೆ ಎನ್ನುವವರಿಗೆ ಆ ದೃಶ್ಯಾವಳಿ ಮುಖ್ಯ ಸಾಕ್ಷ್ಯ.

ಪೊಲೀಸರ ವಿರುದ್ಧ ದೂರು: ಪ್ರಕಾಶ್ ಸಿಂಗ್ ಪ್ರಕರಣದ 2006ರ ತೀರ್ಪಿನ ಅನುಸಾರ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಲಾಗಿದೆ. ಲಂಚದ ದೂರನ್ನು ಲೋಕಾಯುಕ್ತಕ್ಕೆ ಸಲ್ಲಿಸಬಹುದು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಬಳಿಕ ಆ ತನಿಖಾಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರ ಕೈಸೇರಿದೆ. ಮಾನವ ಹಕ್ಕುಗಳ ಆಯೋಗದ ಬಾಗಿಲೂ ತೆರೆದಿದೆ. ತುರ್ತು ನೆರವಿಗೆ 112, ಆನ್‌ಲೈನ್ ವಂಚನೆಗೆ 1930.

ಅಮಾನತಿಗಿಂತ ಆಚೆ

ಎರಡು ದಶಕಗಳ ಈ ಪ್ರಕರಣಗಳಲ್ಲಿ ಒಂದು ಸಾಮ್ಯ ಕಾಣುತ್ತದೆ. ಪ್ರತಿ ಬಾರಿ ಆಕ್ರೋಶ ಭುಗಿಲೆದ್ದಾಗ ಒಂದು ವರ್ಗಾವಣೆ ಅಥವಾ ಒಂದು ಅಮಾನತು ನಡೆದಿದೆ. ಅಮಾನತು ಶಿಕ್ಷೆಯಲ್ಲ, ವಿಚಾರಣೆಯ ಮುನ್ನುಡಿ ಮಾತ್ರ. ವಿಚಾರಣೆಯ ಅಂತ್ಯ ಏನಾಯಿತೆಂಬುದು ದೂರುದಾರನ ಕಿವಿಗೆ ಬೀಳುವುದು ಅಪರೂಪ. ಸುದ್ದಿಯಾದ ಪ್ರಕರಣಕ್ಕೆ ಒಂದು ದಿನದಲ್ಲಿ ಕ್ರಮ, ಸುದ್ದಿಯಾಗದ ದೂರಿಗೆ ವರ್ಷಗಟ್ಟಲೆ ಮೌನ ಎಂಬ ಭಾವನೆ ಬೇರೂರಿದಷ್ಟೂ ಜನರು ಠಾಣೆಗಿಂತ ಜಾಲತಾಣವನ್ನೇ ನೆಚ್ಚುತ್ತಾರೆ. ಜಾಲತಾಣವಿಲ್ಲದವರು ಸುಮ್ಮನಾಗುತ್ತಾರೆ ಅಥವಾ ಹೊಸೂರು ರಸ್ತೆಯಲ್ಲಾದಂತೆ ಒಂದು ದಿನ ಒಟ್ಟಾಗಿ ಬೀದಿಗಿಳಿಯುತ್ತಾರೆ.

ಪೊಲೀಸ್ ಠಾಣೆ, ಕೋರ್ಟಿನ ಮೆಟ್ಟಿಲು ಹತ್ತುವಂತಾಗಬಾರದು ಎಂಬುದು ನಮ್ಮ ಹಿರಿಯರ ಮಾತು. ಹೊರವಲಯದ ಲಕ್ಷಾಂತರ ದುಡಿಯುವ ಜನರಿಗೆ ಕಷ್ಟಕಾಲದಲ್ಲಿ ಹತ್ತಬಹುದಾದ ಮೆಟ್ಟಿಲು ಅದೊಂದೇ. ಅಲ್ಲಿ ಕುಳಿತುಕೊಳ್ಳಲು ಒಂದು ಕುರ್ಚಿ, ಅರ್ಥವಾಗುವ ಭಾಷೆಯಲ್ಲಿ ನಾಲ್ಕು ಮಾತು, ಕೊಟ್ಟ ದೂರಿಗೆ ಒಂದು ಸ್ವೀಕೃತಿ ದೊರೆತರೆ ವಿಶ್ವಾಸದ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ, ಆ ದೂರು ಏನಾಯಿತೆಂದು ಕೇಳುವ ಮುನ್ನವೇ ತಿಳಿಸುವುದು.